ಬನ್ನು, ಬೆಣ್ಣೆ, ಎರಡು ಹೋಳಾದ ಕಡಲೇಕಾಯಿ

ಬೆಂಗಳೂರಿಗೆ ಬಂದ ನೆಂಟರನ್ನು ಊರಿನವರು ಮೊದಲು ಕರೆದೊಯ್ಯುವುದು ದೋಸೆಯ ಹೋಟೆಲಿಗೆ. ದೋಸೆಯೇನೋ ಸೊಗಸಾಗಿಯೇ ಇರುತ್ತದೆ. ಆದರೆ ಅದು ತಮ್ಮದೆಂದು ಹೇಳಿಕೊಳ್ಳಲು ಉಡುಪಿಯವರಿದ್ದಾರೆ, ದಾವಣಗೆರೆಯವರಿದ್ದಾರೆ, ಮೈಸೂರಿನವರೂ ಇದ್ದಾರೆ. ಇಡ್ಲಿಯ ಮಾತು ಬಂದರೆ ರಾಮನಗರ, ತುಮಕೂರು ಕಡೆಯವರು ತಟ್ಟೆ ಮುಂದೆ ಹಿಡಿಯುತ್ತಾರೆ. ಬೇರಾವ ಊರೂ ಪಾಲು ಕೇಳದೆ ಬೆಂಗಳೂರಿಗೇ ಉಳಿದ ತಿಂಡಿ ಒಂದಿದೆ. ಅದನ್ನು ಕುಳಿತು ತಿನ್ನುವ ಹೋಟೆಲಿನಲ್ಲಿ ಹುಡುಕಿದರೆ ಸಿಗದು. ಬೇಕರಿಯ ಗಾಜಿನ ಕಪಾಟಿನ ಮುಂದೆ ನಿಂತು ಕೇಳಬೇಕು: "ಒಂದು ಕಾಂಗ್ರೆಸ್ ಬನ್."

ಸೀಳಿದ ಮೆತ್ತನೆಯ ಬನ್ನು, ಒಳಮೈಗೆ ಧಾರಾಳವಾಗಿ ಬಳಿದ ಬೆಣ್ಣೆ, ಅದರ ಮೇಲೆ ಒಂದು ಹಿಡಿ ಖಾರದ ಕಡಲೇಕಾಯಿ ಬೀಜ. ಇಷ್ಟೇ ಅದರ ರಚನೆ. ತರಕಾರಿಯಿಲ್ಲ, ಚಟ್ನಿಯಿಲ್ಲ, ಚೀಸು ಇಲ್ಲ. ಆದರೂ ವಿಶ್ವೇಶ್ವರಪುರ, ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಬೆಳೆದವರಿಗೆ ಶಾಲೆ ಬಿಟ್ಟ ಸಂಜೆಗಳ ರುಚಿ ಯಾವುದೆಂದು ಕೇಳಿದರೆ ಹಲವರು ಹೆಸರಿಸುವುದು ಇದನ್ನೇ.

ರಾಜ್ಯದ ಇತರ ಭಾಗಗಳ ಓದುಗರಿಗೆ ಎರಡು ಸ್ಪಷ್ಟನೆ ಅಗತ್ಯ. ಕರಾವಳಿಯವರು 'ಬನ್ಸ್' ಎಂದೊಡನೆ ಬಾಳೆಹಣ್ಣು ಬೆರೆಸಿ ಎಣ್ಣೆಯಲ್ಲಿ ಕರಿದ, ಪೂರಿಯಂತೆ ಉಬ್ಬಿದ ತಿಂಡಿಯನ್ನು ನೆನೆಯುವುದು ಸಹಜ. ಇದು ಅದಲ್ಲ, ಒಲೆಯಲ್ಲಿ ಸುಟ್ಟ, ತುಸು ಸಿಹಿಯಾದ ದುಂಡು ಬ್ರೆಡ್ಡು. ಇನ್ನು ಬೆಂಗಳೂರಿನವರು ಕಡಲೇಕಾಯಿ ಎನ್ನುವುದು ಹುಬ್ಬಳ್ಳಿ-ಧಾರವಾಡದ ಶೇಂಗಾ, ಮಂಗಳೂರಿನ ನೆಲಗಡಲೆ. ಮೂರೂ ಒಂದೇ. ಕಡಲೆಬೇಳೆಗೂ ಇದಕ್ಕೂ ಸಂಬಂಧವಿಲ್ಲ.

ಹೆಸರಿನ ಹಿಂದಿನ ಒಡಕು

ತಿಂಡಿಗೆ ರಾಜಕೀಯ ಪಕ್ಷದ ಹೆಸರು ಬಂದ ಬಗೆ ಬೆಂಗಳೂರಿನ ಹಳಬರ ಮೆಚ್ಚಿನ ಕಥೆಗಳಲ್ಲೊಂದು. ಹುರಿದು ಸಿಪ್ಪೆ ತೆಗೆದ ಬೀಜ ಸರಿಯಾಗಿ ಎರಡು ಹೋಳಾಗುತ್ತದೆ. 1969ರಲ್ಲಿ ಕಾಂಗ್ರೆಸ್ ಪಕ್ಷವೂ ಹೀಗೆಯೇ ಎರಡು ಹೋಳಾಯಿತು. ಹೋಳಾದ ಬೀಜಕ್ಕೆ ಜನ ಹೋಳಾದ ಪಕ್ಷದ ಹೆಸರಿಟ್ಟರು ಎಂಬುದು ಕಥೆ.

ಇದು ಬಾಯಿಂದ ಬಾಯಿಗೆ ಬಂದ ಮಾತೇ ಹೊರತು ದಾಖಲೆಯಲ್ಲ. ಆದರೆ ಈ ಕಥೆ ಬೆಂಗಳೂರಿನಲ್ಲಿ ಹುಟ್ಟಿಕೊಂಡದ್ದಕ್ಕೆ ಕಾರಣವಂತೂ ಇದೆ. ಆ ವರ್ಷದ ಜುಲೈನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿದ್ದು ಇದೇ ಊರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ. ಪಕ್ಷದ ಅಧ್ಯಕ್ಷರಾಗಿದ್ದವರು ಕನ್ನಡಿಗರೇ ಆದ ಎಸ್. ನಿಜಲಿಂಗಪ್ಪನವರು. ರಾಷ್ಟ್ರಪತಿ ಸ್ಥಾನಕ್ಕೆ ನೀಲಂ ಸಂಜೀವ ರೆಡ್ಡಿಯವರ ಹೆಸರನ್ನು ಪಕ್ಷ ಇಲ್ಲಿ ಆರಿಸಿದ್ದು, ಇಂದಿರಾ ಗಾಂಧಿಯವರಿಗೆ ಅದು ಒಪ್ಪಿಗೆಯಾಗದೆ ಹೋದದ್ದು, ಆಗಸ್ಟಿನಲ್ಲಿ ವಿ.ವಿ. ಗಿರಿ ಗೆದ್ದದ್ದು, ನವೆಂಬರ್ 12ರಂದು ಇಂದಿರಾ ಅವರನ್ನು ಪಕ್ಷದಿಂದ ಉಚ್ಚಾಟಿಸಿದ್ದು ಇವೆಲ್ಲ ಇತಿಹಾಸ. ಕೊನೆಗೆ ಸಂಸ್ಥಾ ಕಾಂಗ್ರೆಸ್ ಒಂದು ಕಡೆ, ಆಡಳಿತ ಕಾಂಗ್ರೆಸ್ ಇನ್ನೊಂದು ಕಡೆ.

ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತ ನಡೆದು ಹೋಗುವಷ್ಟೇ ದೂರ. ಅಲ್ಲಿನ ವಿ.ಬಿ. ಬೇಕರಿ ಆರಂಭವಾದದ್ದು 1953ರಲ್ಲಿ. ಕಾಂಗ್ರೆಸ್ ಕಡಲೇಕಾಯಿ ಎಂದರೆ ನಗರದ ಬಹುಮಂದಿ ಮೊದಲು ನೆನೆಯುವ ಹೆಸರು ಅದರದು. ಗಾಜಿನ ಮನೆಯಲ್ಲಿ ದೇಶದ ದೊಡ್ಡ ಪಕ್ಷ ಒಡೆಯುವ ಹಂತ ಮುಟ್ಟಿದ್ದಾಗ ಸಮೀಪದ ಬೀದಿಗಳಲ್ಲಿ ಕಡಲೇಕಾಯಿ ಮೆಲ್ಲುತ್ತ ಅದನ್ನೇ ಚರ್ಚಿಸುತ್ತಿದ್ದ ಜನ ಇಂಥ ಹೆಸರೊಂದನ್ನು ಟಂಕಿಸಿದ್ದರೆ ಆಶ್ಚರ್ಯವೇನಿಲ್ಲ. ಎರಡು ಕಾಂಗ್ರೆಸ್ಸುಗಳಲ್ಲಿ ಒಂದು 1977ರಲ್ಲಿ ಜನತಾ ಪಕ್ಷದಲ್ಲಿ ಕರಗಿಹೋಯಿತು. ಕಡಲೇಕಾಯಿಯ ಹೆಸರು ಮಾತ್ರ ಉಳಿಯಿತು. ಯಾವ ಪಕ್ಷದವರೇ ಆಗಲಿ, ಬೇಕರಿಯಲ್ಲಿ "ನೂರು ಗ್ರಾಂ ಕಾಂಗ್ರೆಸ್ ಕೊಡಿ" ಎನ್ನಲು ಹಿಂದೆಮುಂದೆ ನೋಡುವುದಿಲ್ಲ.

ಮೊಟ್ಟೆಯಿಲ್ಲದ ಒಲೆ

ಹೆಸರು ಕಡಲೇಕಾಯಿಯದಾದರೂ ಈ ತಿಂಡಿ ಹುಟ್ಟಬೇಕಾದರೆ ಬನ್ನು ಬೇಕು. ಅದೂ ಸಂಪ್ರದಾಯಸ್ಥ ಮನೆಗಳವರು ಅಂಜದೆ ತಿನ್ನುವ ಬನ್ನು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರೆಡ್ಡು, ಕೇಕುಗಳು ಬ್ರಿಟಿಷರ ಕಾಲದಿಂದಲೂ ಇದ್ದವು. ಆದರೆ ಪೇಟೆಯ ಮಡಿವಂತ ಮನೆಗಳಿಗೆ ಅವು ಪ್ರವೇಶಿಸಲು ಮೊಟ್ಟೆಯೇ ಅಡ್ಡಿಯಾಗಿತ್ತು. ಆ ಅಡ್ಡಿಯನ್ನು ಸರಿಸಿದವರು ಹಾಸನ ಸೀಮೆಯಿಂದ ಬಂದ ಅಯ್ಯಂಗಾರರು. ಎಚ್.ಎಸ್. ತಿರುಮಲಾಚಾರ್ ಅವರು ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿಯನ್ನು ಆರಂಭಿಸಿದ್ದು 1898ರಲ್ಲಿ. ಬ್ರೆಡ್ಡು ಸುಡುವ ವಿದ್ಯೆಯನ್ನು ಅವರಿಗೆ ಆಂಗ್ಲರೊಬ್ಬರು ಕಲಿಸಿದರೆಂಬ ಮಾತು ಪ್ರಚಲಿತದಲ್ಲಿದೆ.

ನಂತರದ ದಶಕಗಳಲ್ಲಿ 'ಅಯ್ಯಂಗಾರ್ ಬೇಕರಿ' ಎಂಬುದು ಒಂದು ಅಂಗಡಿಯ ಹೆಸರಾಗಿ ಉಳಿಯದೆ ಒಂದು ಬಗೆಯ ಹೆಸರಾಯಿತು. ಇಂದು ರಾಜ್ಯದ ಬಹುಪಾಲು ಪಟ್ಟಣಗಳಲ್ಲಿ ಆ ಫಲಕ ಕಾಣುತ್ತದೆ. ಒಳಗಿರುವವರೆಲ್ಲ ಅಯ್ಯಂಗಾರರೇ ಆಗಿರಬೇಕೆಂದಿಲ್ಲ. ಖಾರಾ ಬನ್, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು, ಪಲ್ಯ ಹಚ್ಚಿದ ಬ್ರೆಡ್ ಟೋಸ್ಟ್, ಹನಿ ಕೇಕ್ ಇವೆಲ್ಲ ಆ ಪರಂಪರೆಯ ಕೊಡುಗೆ. ಮೊಟ್ಟೆ ಬಿಟ್ಟುದರ ಪರಿಣಾಮ ಬನ್ನಿನ ಗುಣದ ಮೇಲೂ ಆಯಿತು. ಮೊಟ್ಟೆ ಹಾಕಿದ ಬನ್ನಿನ ಬಣ್ಣ ಗಾಢ, ಪರಿಮಳ ಘನ. ಬೆಂಗಳೂರಿನ ಬೇಕರಿ ಬನ್ನು ಹಗುರ; ಹಾಲು, ಸಕ್ಕರೆಗಳ ಹಿತವಾದ ವಾಸನೆಯದು. ಒತ್ತಿದರೆ ಹತ್ತಿಯಂತೆ ತಗ್ಗಿ ಮತ್ತೆ ಏಳುತ್ತದೆ. ಮೆಣಸು, ಇಂಗಿನ ಘಾಟಿರುವ ಬೀಜಕ್ಕೆ ಇಂಥ ಸಾಧು ಜೊತೆಯೇ ಬೇಕು.

ಬೀಜ ಬರುವ ದಾರಿ

ಕಡಲೇಕಾಯಿ ಮೂಲತಃ ದಕ್ಷಿಣ ಅಮೆರಿಕದ ಬೆಳೆ. ಹಾಗಿದ್ದರೂ ಇಂದು ಬಯಲುಸೀಮೆಯನ್ನು ಅದಿಲ್ಲದೆ ಕಲ್ಪಿಸಿಕೊಳ್ಳುವುದು ಕಷ್ಟ. ಪಾವಗಡ, ಚಳ್ಳಕೆರೆ, ಚಿಂತಾಮಣಿ ಮುಂತಾದ ಕಡೆ ಮಳೆಯನ್ನೇ ನಂಬಿ ಇದನ್ನು ಬಿತ್ತುತ್ತಾರೆ. ಚಳ್ಳಕೆರೆಗಂತೂ ಶೇಂಗಾ ಎಣ್ಣೆಯ ಗಿರಣಿಗಳಿಂದಾಗಿ ಎಣ್ಣೆ ನಗರಿ ಎಂಬ ಹೆಸರೇ ಬಂತು. ಮುಂಗಾರಿನಲ್ಲಿ ಬಿತ್ತಿದ್ದು ಕಾರ್ತಿಕದ ಹೊತ್ತಿಗೆ ಕೈಗೆ ಬರುತ್ತದೆ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಎದುರು ಕಡಲೇಕಾಯಿ ಪರಿಷೆ ನಡೆಯುವುದರ ಹಿಂದೆ ಈ ಲೆಕ್ಕಾಚಾರವೇ ಇದೆ. ಹೊಸ ಬೆಳೆಯ ಮೊದಲ ಪಾಲು ದೇವರಿಗೆ, ಉಳಿದದ್ದು ಊರಿಗೆ.

ಪರಿಷೆಯಲ್ಲಿ ರಾಶಿ ಹಾಕಿದ ಹಸಿ ಕಾಯಿ ಬೇಯಿಸಲು ಚೆನ್ನ, ಕಾಂಗ್ರೆಸ್ಸಿಗೆ ಆಗದು. ಅದಕ್ಕೆ ಚೆನ್ನಾಗಿ ಒಣಗಿದ ಬೀಜವೇ ಬೇಕು. ಬಯಲುಸೀಮೆಯಲ್ಲಿ ಬಹುಕಾಲ ಬೆಳೆದು ಬಂದ ಟಿ.ಎಂ.ವಿ. 2 ತಳಿಯಂಥ ಸಣ್ಣ, ದುಂಡನೆಯ, ತಿಳಿಗಂದು ಸಿಪ್ಪೆಯ ಬೀಜಗಳು ಇದಕ್ಕೆ ಹೇಳಿಮಾಡಿಸಿದಂಥವು. ದಪ್ಪ ಬೀಜ ನೋಡಲು ಅಂದ, ಆದರೆ ಬನ್ನಿನೊಳಗೆ ನಿಲ್ಲದೆ ಉದುರುತ್ತದೆ. ಹೊರಗೆ ಕಂದಿದರೂ ಒಳಗೆ ಹಸಿಯಾಗಿ ಉಳಿಯುವುದೂ ಉಂಟು.

ಎಚ್ಚರ ವಹಿಸಬೇಕಾದ ಸಂಗತಿಯೂ ಇಲ್ಲಿದೆ. ತೇವ ತಾಗಿದ ಕಡಲೇಕಾಯಿಯಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಅದು ಯಕೃತ್ತಿಗೆ ಮಾರಕ. ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಆದ್ದರಿಂದ ಮಸಾಲೆ ಹಚ್ಚುವ ಮುನ್ನ ಬೀಜ ಆರಿಸುವ ಹಳೆಯ ಅಭ್ಯಾಸವನ್ನು ಸೋಮಾರಿತನದಿಂದ ಬಿಡಬಾರದು. ಮುದುಡಿದ, ಕಪ್ಪುಗಟ್ಟಿದ, ಬೂಷ್ಟು ಹಿಡಿದ ಬೀಜಗಳನ್ನು ಎಸೆಯಬೇಕು. ಬಾಯಿಗೆ ಹಾಕಿದಾಗ ಕಹಿ ಎನಿಸಿದರೆ ಉಗುಳಬೇಕು. ಖಾರದ ಪುಡಿ ಎಲ್ಲ ದೋಷವನ್ನೂ ಮುಚ್ಚುತ್ತದೆ ಎಂಬುದೇ ಇಲ್ಲಿನ ಅಪಾಯ.

ಕಟ್ಟಿಸಿಕೊಂಡು ಹೋಗಲಾಗದ ತಿಂಡಿ

ಮುಂಬಯಿಯ ವಡಾಪಾವ್ ಹುಬ್ಬಳ್ಳಿ, ಬೆಳಗಾವಿಗಳನ್ನು ದಾಟಿ ಬೆಂಗಳೂರಿನ ಗಲ್ಲಿಗಳಿಗೂ ಬಂದಿದೆ. ಕಚ್ ಪ್ರಾಂತದ ಮಾಂಡವಿಯಲ್ಲಿ ಹುಟ್ಟಿದ ದಾಬೇಲಿಯಲ್ಲೂ ಮಸಾಲೆ ಕಡಲೇಕಾಯಿ ಇದೆ; ಅದೂ ದೇಶವೆಲ್ಲ ಸುತ್ತಿದೆ. ಕಾಂಗ್ರೆಸ್ ಬನ್ನು ಮಾತ್ರ ಹೆಚ್ಚು ದೂರ ಹೋಗಲಿಲ್ಲ. ಇದಕ್ಕೆ ಬೆಂಗಳೂರಿಗರ ಪ್ರಚಾರ ಸಾಲದೆಂದು ದೂರುವವರಿದ್ದಾರೆ. ನಿಜವಾದ ಕಾರಣ ತಿಂಡಿಯ ಒಳಗೇ ಇದೆ.

ಬನ್ನಿನ ತೂಕದಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ನೀರು. ಹುರಿದ ಕಡಲೇಕಾಯಿಯಲ್ಲಿ ನೀರಿನ ಅಂಶ ಶೇಕಡ 2ರ ಆಸುಪಾಸು. ಎರಡನ್ನೂ ಒತ್ತಾಗಿ ಇಟ್ಟರೆ ತೇವ ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಹರಿಯುತ್ತದೆ. ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಬೀಜದ ಗರಿಗರಿ ಕುಂದಿ, ಅಗಿಯುವಾಗ ಮೆತ್ತಗೆ ರಬ್ಬರಿನಂತೆ ಆಗುತ್ತದೆ. ದಾಬೇಲಿಯಲ್ಲಿ ಕಡಲೇಕಾಯಿ ಬರಿಯ ಅಲಂಕಾರ, ಆಲೂಗಡ್ಡೆಯೇ ಹೂರಣ. ಗರಿ ಹೋದರೂ ದಾಬೇಲಿ ದಾಬೇಲಿಯೇ. ಇಲ್ಲಿ ಕಡಲೇಕಾಯಿಯೇ ಎಲ್ಲ. ಅದು ಮೆತ್ತಗಾದರೆ ಉಳಿಯುವುದು ಖಾರದ ಬೆಣ್ಣೆ ಬನ್ನು ಅಷ್ಟೇ.

ಬೆಣ್ಣೆಯ ಕೆಲಸ ಅರ್ಥವಾಗುವುದೂ ಇಲ್ಲಿಯೇ. ಅದು ರುಚಿಗಾಗಿ ಮಾತ್ರ ಬಂದದ್ದಲ್ಲ. ಬನ್ನಿನ ಒಳಮೈಯ ರಂಧ್ರಗಳನ್ನು ಜಿಡ್ಡಿನಿಂದ ಮುಚ್ಚಿ ತೇವವನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಜೊತೆಗೆ ಬೀಜಗಳನ್ನು ಅಂಟಿನಂತೆ ಹಿಡಿದಿಡುತ್ತದೆ. ಬೆಣ್ಣೆಯಲ್ಲಿ ಜಿಪುಣತನ ತೋರಿದ ಬನ್ನನ್ನು ಕಚ್ಚಿದ ಕೂಡಲೇ ಅರ್ಧ ಕಡಲೇಕಾಯಿ ಅಂಗಿಯ ಮೇಲೆ ಬೀಳುವುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಆದರೆ ಬೆಣ್ಣೆ ತಡೆಯುವುದು ಸ್ವಲ್ಪ ಹೊತ್ತು ಮಾತ್ರ. ಗಿರಾಕಿ ಕೇಳಿದ ಮೇಲೆ ಸೀಳಿ, ಬಳಿದು, ತುಂಬಿ, ಕಾಗದದ ತುಂಡಿನಲ್ಲಿಟ್ಟು ಕೊಟ್ಟದ್ದನ್ನು ಅಲ್ಲೇ ನಿಂತು ತಿನ್ನಬೇಕು. ಮನೆಗೆ ತರಿಸಿಕೊಳ್ಳುವ ಆ್ಯಪ್‌ಗಳ ಡಬ್ಬಿಯಲ್ಲಿ ಮುಕ್ಕಾಲು ಗಂಟೆ ಕುಳಿತು ಬಂದ ಕಾಂಗ್ರೆಸ್ ಬನ್ನನ್ನು ತಿಂದು ಇದರಲ್ಲೇನಿದೆ ವಿಶೇಷ ಎನ್ನುವವರನ್ನು ದೂಷಿಸುವಂತಿಲ್ಲ. ಅವರು ತಿಂದದ್ದು ಬೇರೆಯದೇ ತಿಂಡಿ.

ಅಂದರೆ ಈ ಬನ್ನು ಬದುಕಿರುವುದು ಮೂಲೆಯ ಬೇಕರಿಯನ್ನು ನಂಬಿ. ಬೇಕರಿಯ ಸ್ಥಿತಿಯಾದರೂ ಸುಲಭದ್ದಲ್ಲ. ಕಳೆದ ಹತ್ತು ವರ್ಷಗಳಲ್ಲಿ ಈ ಉದ್ಯಮ ಹಲವು ಬದಲಾವಣೆಗಳಿಗೆ ತಲೆಬಾಗಿದೆ. ಬ್ರೆಡ್ಡು ಉಬ್ಬಲು ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ನಿಷೇಧಿಸಿತು. ವನಸ್ಪತಿಯಂಥ ಜಿಡ್ಡುಗಳಲ್ಲಿನ ಟ್ರಾನ್ಸ್ ಫ್ಯಾಟ್ ಅಂಶ ಶೇಕಡ 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಬಂತು. ತಿನ್ನುವವರ ದೃಷ್ಟಿಯಿಂದ ಎರಡೂ ಒಳ್ಳೆಯ ಕ್ರಮಗಳೇ. ತಡವಾಗಿ ಬಂದವು ಎಂಬುದಷ್ಟೇ ಕೊರತೆ.

2025ರ ಜುಲೈನಲ್ಲಿ ಎದುರಾದದ್ದು ಬೇರೆ ಬಗೆಯ ತೊಡಕು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಚಹದಂಗಡಿಗಳ ಎದುರು 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಅಂಟಿದವು. ಕೆಲವೆಡೆ ಹಾಲಿನ ಮಾರಾಟ ನಿಲ್ಲಿಸಿ ಪ್ರತಿಭಟಿಸಲಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳೊಡನೆ ಸಭೆ ನಡೆಸಿದ ಮೇಲೆ ಬಿಕ್ಕಟ್ಟು ಸಡಿಲವಾಯಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಬೆಣ್ಣೆಯ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದದ್ದು ಬನ್ನು-ಬೆಣ್ಣೆಯವರಿಗೆ ಸಿಕ್ಕ ಸಣ್ಣ ಸಮಾಧಾನ. ಆದರೆ ಬಾಡಿಗೆ ಇಳಿಯುವುದಿಲ್ಲ. ರಾತ್ರಿಯಿಡೀ ಒಲೆಯ ಮುಂದೆ ನಿಲ್ಲಲು ಒಪ್ಪುವ ಹೊಸ ತಲೆಮಾರಿನ ಕೈಗಳೂ ಸುಲಭಕ್ಕೆ ಸಿಗುವುದಿಲ್ಲ. ಬೇಕರಿ ಮುಚ್ಚಿದ ಜಾಗದಲ್ಲಿ ಬರುವ ಮೊಬೈಲ್ ಅಂಗಡಿ ಕಾಂಗ್ರೆಸ್ ಬನ್ನು ಮಾರುವುದಿಲ್ಲ.

ಮನೆಯಲ್ಲಿ ಮಾಡುವ ಬಗೆ

ಕಲಬುರಗಿಯಲ್ಲೋ ಕಾರವಾರದಲ್ಲೋ ಇರುವವರು ಇದಕ್ಕಾಗಿ ಬೆಂಗಳೂರಿಗೆ ಬರಬೇಕಿಲ್ಲ. ಮನೆಯಲ್ಲಿ ಮಾಡಿದರೆ ಒಂದು ಲಾಭವೂ ಇದೆ. ಬನ್ನು ತುಂಬಿದ ಕ್ಷಣಕ್ಕೂ ತಿನ್ನುವ ಕ್ಷಣಕ್ಕೂ ನಡುವೆ ಅಂತರವೇ ಇರುವುದಿಲ್ಲ. ಇಲ್ಲಿ ಕೊಟ್ಟಿರುವುದು 12 ಬನ್ನುಗಳ ಲೆಕ್ಕ.

ಕಡಲೇಕಾಯಿಯನ್ನು ಹಿಂದಿನ ದಿನವೇ ಮಾಡಿಡಬಹುದು. 300 ಗ್ರಾಂ ಒಣ ಬೀಜವನ್ನು ಆರಿಸಿ, ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಕೈಬಿಡದೆ ಹುರಿಯಬೇಕು. ಉರಿ ಹೆಚ್ಚಿಸಿ ಬೇಗ ಮುಗಿಸುವ ಆತುರ ಬೇಡ. ಸಿಪ್ಪೆ ಸೀದು ಬೀಜ ಹಸಿಯಾಗಿಯೇ ಉಳಿಯುತ್ತದೆ. ಒಂದು ಬೀಜವನ್ನು ತೆಗೆದು ಆರಿಸಿ ಒಡೆದಾಗ ಒಳಮೈ ತಿಳಿ ಹೊಂಬಣ್ಣಕ್ಕೆ ತಿರುಗಿದ್ದರೆ ಸಾಕು. ಬಿಸಿಯಲ್ಲಿ ಅದು ಮೆತ್ತಗಿರುತ್ತದೆ, ಆರಿದ ಮೇಲೆ ಗರಿಯಾಗುತ್ತದೆ. ಪೂರ್ತಿ ಆರಿದ ಬಳಿಕ ಒರಟು ಬಟ್ಟೆಯಲ್ಲಿ ಕಟ್ಟಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ, ಬೀಜವೂ ಎರಡು ಬೇಳೆಯಾಗುತ್ತದೆ. ಮೊರದಲ್ಲಿ ಕೇರಿದರೆ ಸಿಪ್ಪೆ ಹಾರಿಹೋಗುತ್ತದೆ. ನಡುವಿನ ಪುಟ್ಟ ಮೊಳಕೆಯ ಚೂರುಗಳು ತುಸು ಕಹಿ. ಆದಷ್ಟನ್ನು ಕೇರಿ ತೆಗೆಯುವುದು ಒಳ್ಳೆಯದು. ಹೋಳಾಗದೆ ಉಳಿದ ಬೀಜಗಳನ್ನು ಬೆರಳಲ್ಲಿ ಒತ್ತಿ ಒಡೆಯಬೇಕು. ಇದು ಬರಿಯ ಶಾಸ್ತ್ರವಲ್ಲ. ಹೋಳಿನ ಚಪ್ಪಟೆ ಮುಖಕ್ಕೆ ಮಸಾಲೆ ಹಿಡಿಯುವಂತೆ ಇಡೀ ಬೀಜದ ನುಣುಪು ಮೈಗೆ ಹಿಡಿಯುವುದಿಲ್ಲ. ಬೆಣ್ಣೆಯ ಮೇಲೆ ಉರುಳದೆ ಕೂರುವುದೂ ಹೋಳೇ.

ಅದೇ ಬಾಣಲೆಯಲ್ಲಿ ಎರಡು ಚಮಚ ತುಪ್ಪ ಅಥವಾ ಎಣ್ಣೆ ಕಾಯಿಸಿ, ಒರೆಸಿ ತೇವ ತೆಗೆದ ಎರಡು ಎಸಳು ಕರಿಬೇವನ್ನು ಗರಿಯಾಗುವವರೆಗೆ ಹುರಿಯಬೇಕು. ಕಾಲು ಚಮಚ ಇಂಗು, ಕಾಲು ಚಮಚ ಅರಿಸಿನ ಹಾಕಿ ಒಲೆ ಆರಿಸಬೇಕು. ಖಾರದ ಪುಡಿ ಬೀಳಬೇಕಾದದ್ದು ಒಲೆ ಆರಿಸಿದ ನಂತರವೇ; ಉರಿಯ ಮೇಲಿದ್ದಾಗ ಹಾಕಿದರೆ ಕಪ್ಪಾಗಿ ಕಮಟು ವಾಸನೆ ಬರುತ್ತದೆ. ಒಂದು ಚಮಚ ಖಾರದ ಪುಡಿ, ಆಗತಾನೆ ಕುಟ್ಟಿದ ಒಂದು ಚಮಚ ಕಾಳುಮೆಣಸಿನ ಪುಡಿ, ಮುಕ್ಕಾಲು ಚಮಚ ನುಣ್ಣನೆಯ ಉಪ್ಪು. ಕಲ್ಲುಪ್ಪು ಬೀಜಕ್ಕೆ ಅಂಟದೆ ತಳಕ್ಕೆ ಇಳಿಯುತ್ತದೆ. ಕಡಲೇಕಾಯಿ ಹೋಳುಗಳನ್ನು ಸುರಿದು ಚೆನ್ನಾಗಿ ಕಲಸಿ, ಮತ್ತೆ ಒಂದೆರಡು ನಿಮಿಷ ತೀರ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಮಸಾಲೆ ಹಿಡಿಯುತ್ತದೆ. ಆರಿದ ಮೇಲೆ ಗಾಳಿಯಾಡದ ಡಬ್ಬಿ ಸೇರಬೇಕು. ಬೆಳ್ಳುಳ್ಳಿ ಸೇರಿಸುವವರೂ ಇದ್ದಾರೆ. ಅದು ತಪ್ಪೇನಲ್ಲ, ಆದರೆ ಬೇಕರಿಯ ರುಚಿ ಬೇಕೆಂದವರು ಇಂಗು, ಮೆಣಸಿನಲ್ಲೇ ನಿಲ್ಲಬೇಕು.

ಬನ್ನಿಗೆ 500 ಗ್ರಾಂ ಮೈದಾ, 60 ಗ್ರಾಂ ಸಕ್ಕರೆ, 7 ಗ್ರಾಂ ಒಣ ಈಸ್ಟ್, 8 ಗ್ರಾಂ ಉಪ್ಪು, 50 ಗ್ರಾಂ ಬೆಣ್ಣೆ. ಹಾಲು ಮತ್ತು ನೀರು ಸಮಸಮ ಬೆರೆಸಿ ಸುಮಾರು 310 ಮಿಲಿಲೀಟರ್, ಬೆರಳಿಗೆ ಹಿತವೆನಿಸುವಷ್ಟೇ ಬೆಚ್ಚಗೆ. ಕುದಿಬಿಸಿಯಾದರೆ ಈಸ್ಟ್ ಸಾಯುತ್ತದೆ. ಬೆಣ್ಣೆ ಬಿಟ್ಟು ಉಳಿದುದನ್ನೆಲ್ಲ ಕಲಸಿ, ಕಣಕ ಒಂದಾದ ಮೇಲೆ ಬೆಣ್ಣೆ ಸೇರಿಸಿ ಹತ್ತು ಹನ್ನೆರಡು ನಿಮಿಷ ನಾದಬೇಕು. ಆರಂಭದಲ್ಲಿ ಅಂಟಂಟಾಗಿ ಕೈಗೆ ಮೆತ್ತಿಕೊಳ್ಳುತ್ತದೆ. ಆಗ ಒಣ ಹಿಟ್ಟು ಉದುರಿಸಲು ಮನಸ್ಸಾಗುತ್ತದೆ. ಉದುರಿಸಿದರೆ ಬನ್ನು ಗಟ್ಟಿಯಾಗುವುದು ಖಂಡಿತ. ನಾದುತ್ತ ಹೋದಂತೆ ಅದು ತಾನಾಗಿಯೇ ನುಣುಪಾಗಿ, ಎಳೆದರೆ ಹರಿಯದೆ ತೆಳ್ಳಗೆ ಹಿಗ್ಗುವ ಹದಕ್ಕೆ ಬರುತ್ತದೆ.

ಒದ್ದೆ ಬಟ್ಟೆ ಮುಚ್ಚಿ ಎರಡರಷ್ಟು ಉಬ್ಬುವವರೆಗೆ ಬಿಡಬೇಕು. ಬೇಸಿಗೆಯಲ್ಲಿ ಒಂದು ಗಂಟೆ ಸಾಕು, ಡಿಸೆಂಬರಿನ ಚಳಿಯಲ್ಲಿ ಎರಡು ಗಂಟೆ ಹಿಡಿಯಬಹುದು. ಗಡಿಯಾರಕ್ಕಿಂತ ಕಣ್ಣನ್ನು ನಂಬುವುದು ಲೇಸು. ನಂತರ 12 ಉಂಡೆ ಮಾಡಿ, ಜಿಡ್ಡು ಸವರಿದ ತಟ್ಟೆಯಲ್ಲಿ ಎರಡು ಬೆರಳಿನ ಅಂತರ ಬಿಟ್ಟು ಜೋಡಿಸಿ, ಮತ್ತೆ ಮುಕ್ಕಾಲು ಗಂಟೆ ಉಬ್ಬಲು ಬಿಡಬೇಕು. ಮೇಲೆ ಹಾಲು ಸವರಿ, ಮೊದಲೇ ಕಾಯಿಸಿಟ್ಟ ಅವನ್‌ನಲ್ಲಿ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 18 ನಿಮಿಷ ಸುಟ್ಟರೆ ಕಂದುಬಣ್ಣದ ಬನ್ನು ಸಿದ್ಧ. ಹೊರತೆಗೆದ ಕೂಡಲೇ ಮೇಲೆ ತೆಳುವಾಗಿ ಬೆಣ್ಣೆ ಸವರಿ ಬಟ್ಟೆ ಮುಚ್ಚಿಡುವುದು ಮುಖ್ಯ. ಒಳಗಿನ ಹಬೆ ಮೇಲ್ಪದರವನ್ನು ಮೃದುಗೊಳಿಸುತ್ತದೆ. ಅವನ್ ಇಲ್ಲದವರು ಊರಿನ ಬೇಕರಿಯಿಂದ ಅದೇ ದಿನದ ಸಾದಾ ಬನ್ನು ತಂದರೂ ತಿಂಡಿಗೆ ಕುಂದಿಲ್ಲ. ಚೆರ್ರಿ, ಟೂಟಿ ಫ್ರೂಟಿ ಹಾಕಿದ ಬನ್ನು ಮಾತ್ರ ಬೇಡ.

ಬನ್ನು ಪೂರ್ತಿ ಆರಿದ ಮೇಲೆಯೇ ಸೀಳಬೇಕು. ಗರಗಸದ ಹಲ್ಲಿನ ಚಾಕುವಿನಿಂದ ಮುಕ್ಕಾಲು ಭಾಗ ಸೀಳಿ, ಹಿಂಬದಿಯನ್ನು ಪುಸ್ತಕದ ಬೆನ್ನಿನಂತೆ ಹಾಗೆಯೇ ಉಳಿಸಬೇಕು. ಫ್ರಿಜ್ಜಿನಿಂದ ಅರ್ಧ ಗಂಟೆ ಮೊದಲೇ ತೆಗೆದಿಟ್ಟು ಮೆತ್ತಗಾದ ಬೆಣ್ಣೆಯನ್ನು, ಬನ್ನೊಂದಕ್ಕೆ 15 ಗ್ರಾಮಿನಂತೆ, ಎರಡೂ ಮೈಗೆ ಅಂಚಿನವರೆಗೆ ಬಳಿಯಬೇಕು. ಉಪ್ಪಿನ ಬೆಣ್ಣೆಯಾದರೆ ಕಡಲೇಕಾಯಿಗೆ ಹಾಕುವ ಉಪ್ಪಿನಲ್ಲಿ ಕಾಲು ಚಮಚ ಕಡಿತ ಮಾಡಬಹುದು. ಎರಡು ದೊಡ್ಡ ಚಮಚ ಕಡಲೇಕಾಯಿ ತುಂಬಿ, ಅಂಗೈಯಿಂದ ಹಗುರವಾಗಿ ಒತ್ತಿ, ಹತ್ತು ನಿಮಿಷದೊಳಗೆ ತಿಂದು ಮುಗಿಸಬೇಕು. ಬನ್ನನ್ನು ಕಾವಲಿಯ ಮೇಲೆ ಬಿಸಿ ಮಾಡಬೇಕೆ ಎಂಬುದು ಮನೆಮನೆಯ ವಾದ. ಬಿಸಿ ಬನ್ನಿನಲ್ಲಿ ಬೆಣ್ಣೆ ಕರಗಿ ಒಳಗೆ ಇಂಗಿಹೋಗುತ್ತದೆ, ತಡೆಗೋಡೆ ಕುಸಿಯುತ್ತದೆ. ಪರಿಮಳ ಹೆಚ್ಚು, ಗರಿ ಕಡಿಮೆ. ಮಳೆಗಾಲದ ಸಂಜೆಗೆ ಬಿಸಿ ಬನ್ನನ್ನು ಒಪ್ಪಬಹುದಾದರೂ ಮೂಲ ರುಚಿ ಆರಿದ ಬನ್ನಿನದೇ.

ಹೀಗೆ ತಯಾರಾದ ಒಂದು ಬನ್ನಿನಲ್ಲಿ ಸುಮಾರು 400ಕ್ಕೂ ಹೆಚ್ಚು ಕ್ಯಾಲೊರಿ ಇರುತ್ತದೆ. ಆದ್ದರಿಂದ ಇದು ಕುರುಕು ತಿಂಡಿಯಲ್ಲ. ಒಂದು ಹೊತ್ತಿನ ಉಪಾಹಾರಕ್ಕೆ ಸಮ. ಕಡಲೇಕಾಯಿಯ ಅಲರ್ಜಿ ಇರುವವರು ದೂರವಿರಬೇಕೆಂದು ಬೇರೆ ಹೇಳಬೇಕಿಲ್ಲ.

ಅಣ್ಣತಮ್ಮಂದಿರು

ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಸಂಜೆ ಕಾಲಿಟ್ಟವರಿಗೆ ಈ ಬನ್ನಿನ ಬಂಧುಗಳೂ ಎದುರಾಗುತ್ತವೆ. ಅವುಗಳಲ್ಲಿ ಹಿರಿಯ ಎನ್ನಬಹುದಾದದ್ದು ಬನ್ ನಿಪ್ಪಟ್ಟು. ಬೆಣ್ಣೆ ಸವರಿದ ಬನ್ನಿನ ನಡುವೆ ಇಡೀ ನಿಪ್ಪಟ್ಟು, ಹಸಿರು ಚಟ್ನಿ, ಹೆಚ್ಚಿದ ಈರುಳ್ಳಿ, ಟೊಮೇಟೊ. ಅದರಲ್ಲಿ ರಸ ಹೆಚ್ಚಾದ್ದರಿಂದ ಆಯಸ್ಸು ಇನ್ನೂ ಕಡಿಮೆ. ಕೈಗೆ ಬಂದೊಡನೆ ಬಾಯಿಗೆ ಹೋಗಬೇಕು. ಬೆಣ್ಣೆಯ ಜೊತೆ ಗುಲ್ಕನ್ ಹಚ್ಚಿದ ಬನ್ನು ಸಿಹಿ ಬೇಕೆನ್ನುವವರಿಗೆ. ಖಾರದ ಕಡಲೇಕಾಯಿಯ ಬದಲು ತುರಿದ ಕ್ಯಾರೆಟ್, ಈರುಳ್ಳಿ, ಕೊತ್ತಂಬರಿ, ನಿಂಬೆರಸಗಳ ಮಸಾಲೆ ತುಂಬಿದ ಬನ್ನು ಇನ್ನೊಂದು. ಎಲ್ಲವೂ ರುಚಿಯೇ. ಆದರೆ ಮೂರೇ ಪದಾರ್ಥಗಳಲ್ಲಿ ಕೆಲಸ ಮುಗಿಸುವ ಶಿಸ್ತು ಕಾಂಗ್ರೆಸ್ ಬನ್ನಿನದು.

ಡಬ್ಬಿಯಲ್ಲಿ ಉಳಿದ ಕಡಲೇಕಾಯಿ ಎರಡು ಮೂರು ವಾರ ಕೆಡುವುದಿಲ್ಲ. ಮಳೆಗಾಲದಲ್ಲಿ ಮೆತ್ತಗಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಬೆಚ್ಚಗೆ ಮಾಡಿದರೆ ಮತ್ತೆ ಗರಿಯಾಗುತ್ತದೆ. ಮೊಸರನ್ನದ ಮೇಲೂ, ಒಗ್ಗರಣೆ ಹಾಕಿದ ಅವಲಕ್ಕಿಯ ಮೇಲೂ ಉದುರಿಸಿಕೊಳ್ಳಬಹುದು. ಮರುದಿನಕ್ಕೆ ಉಳಿದ ಬನ್ನನ್ನು ಮಾತ್ರ ಕಾಂಗ್ರೆಸ್ಸಿಗೆ ಬಳಸದೆ, ಸೀಳಿ ಬೆಣ್ಣೆಯಲ್ಲಿ ಕೆಂಪಗೆ ಕಾಯಿಸಿ ಕಾಫಿಯೊಂದಿಗೆ ತಿನ್ನುವುದು ವಾಸಿ.